ಗುಲಗಂಜಿಯಷ್ಟು ಹೆಚ್ಚು

ಏಪ್ರಿಲ್ ತಿಂಗಳು ಕಾಲಿರಿಸಿತೆಂದರೆ ಮೈಸೂರಿನ ಸಾಧಾರಣ ಗೃಹಸ್ಥರ ಮನೆಗಳಲ್ಲಿ ಒಂದು ಚರ್ಚೆ ತಪ್ಪದೆ ಆರಂಭವಾಗುತ್ತದೆ. ಪರೀಕ್ಷೆಗಳು ಮುಗಿದಿರುತ್ತವೆ, ಪುಸ್ತಕದ ಚೀಲಗಳು ಮೂಲೆ ಸೇರಿರುತ್ತವೆ, ಮಧ್ಯಾಹ್ನದ ಬಿಸಿಲಿಗೆ ಬೀದಿಯೆಲ್ಲ ನಿರ್ಜನವಾಗಿರುತ್ತದೆ. ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳಲ್ಲೊಬ್ಬರು ಮಾತು ತೆಗೆಯುತ್ತಾರೆ: “ಅಪ್ಪಾ, ಈ ರಜಕ್ಕೆ ಎಲ್ಲಿಗೆ ಹೋಗೋದು?” ಪಕ್ಕದ ಮನೆಯವರು ಊಟಿಗೆ ಹೊರಟಿರುವರಂತೆ, ಎದುರುಮನೆಯವರು ಕಾಶ್ಮೀರಕ್ಕೇ ಟಿಕೆಟ್ಟು ಕೊಂಡಿರುವರಂತೆ. ಮನೆಯ ಯಜಮಾನರು ತಮಗಿರುವ ರಜೆಯನ್ನೂ, ಜೂನ್ ತಿಂಗಳಿನಲ್ಲಿ ಕಟ್ಟಬೇಕಾದ ಶಾಲೆಯ ಶುಲ್ಕವನ್ನೂ ಮನಸ್ಸಿನಲ್ಲಿಯೇ ಕೂಡಿ ಕಳೆದು, “ನೋಡೋಣ” ಎನ್ನುತ್ತಾರೆ. ಆ ‘ನೋಡೋಣ’ದ ಅರ್ಥ ಮನೆಯ ಕಿರಿಯ ಮಗುವಿಗೂ ಗೊತ್ತು. ಮರುದಿನ ಅದೇ ಚರ್ಚೆ ಮತ್ತೊಂದು ರೂಪ ತಾಳುತ್ತದೆ. ಎಲ್ಲಿಗೂ ಹೋಗದಿದ್ದರೆ ಮಕ್ಕಳು ಎರಡು ತಿಂಗಳ ಕಾಲ ಏನು ಮಾಡಬೇಕು? ಚಿತ್ರಕಲೆಯ ತರಗತಿಯೋ, ಈಜಿನ ತರಗತಿಯೋ, ಸಂಗೀತದ ತರಗತಿಯೋ? ಬಿಡುವು ಎಂಬುದು ಹೇಗಾದರೂ ತುಂಬಲೇಬೇಕಾದ ಖಾಲಿ ಕೊಡವೆಂಬಂತೆ ಹಿರಿಯರು ಕಳವಳಪಡುತ್ತಾರೆ.

ಈ ಕಳವಳಕ್ಕೆ ಮದ್ದು ಬಹಳ ದೂರದಲ್ಲಿಲ್ಲ. ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಕಪಿಲೆಯ ದಡದ ಮೇಲೆ ನಂಜನಗೂಡು ಇದೆ. ಅಲ್ಲಿಂದ ಹೊಳೆಯ ಜಾಡನ್ನೇ ಹಿಡಿದು ಕೆಳಗೆ ಸಾಗಿದರೆ, ಕಪಿಲೆಯು ಕಾವೇರಿಯನ್ನು ಕೂಡುವ ಎಡೆಯಲ್ಲಿ ತಿರುಮಕೂಡಲು ನರಸೀಪುರ ಸಿಗುತ್ತದೆ. ಇವೆರಡೂ ಯಾತ್ರೆಯ ಊರುಗಳೆಂದು ಎಲ್ಲರೂ ಬಲ್ಲರು. ಬಿಡುವನ್ನು ಹೇಗೆ ಬಳಸಬೇಕೆಂಬುದನ್ನು ಕಲಿಸಬಲ್ಲ ಊರುಗಳೂ ಹೌದೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಮೈಸೂರಿನ ಅಂತಹುದೊಂದು ಕುಟುಂಬ, ತಂದೆ, ತಾಯಿ, ಹನ್ನೆರಡರ ಹುಡುಗಿ, ಎಂಟರ ಹುಡುಗ, ಬೇಸಗೆಯ ಹತ್ತು ದಿನಗಳನ್ನು ನಂಜನಗೂಡಿನ ಅಜ್ಜಿಯ ಮನೆಯಲ್ಲಿ ಕಳೆಯಲು ಹೊರಟಿದೆಯೆಂದು ವಾಚಕರು ಭಾವಿಸಿಕೊಳ್ಳಲಿ.

ಹೊಳೆಯ ದಡದ ಬೆಳಗು

ಚಾಮರಾಜನಗರದ ಕಡೆಗೆ ಹೋಗುವ ರೈಲು ನಂಜನಗೂಡನ್ನು ಸಮೀಪಿಸುವಾಗ ಮಕ್ಕಳು ಕಿಟಕಿಯ ಬಳಿ ನೂಕಾಡುತ್ತಾರೆ. ಹೊಸ ಸೇತುವೆಯ ಪಕ್ಕದಲ್ಲಿಯೇ ಕಲ್ಲಿನ ಕಮಾನುಗಳ ಹಳೆಯ ಸೇತುವೆಯೊಂದು ಕಾಣುತ್ತದೆ. ಅದನ್ನು 1735ರಲ್ಲಿ ಕಟ್ಟಿಸಿದವನು ಮೈಸೂರಿನ ದಳವಾಯಿ ದೇವರಾಜಯ್ಯ. ಎತ್ತಿನ ಗಾಡಿಗಳಿಗಾಗಿ ಕಟ್ಟಿದ ಆ ಸೇತುವೆಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲಿಗೂ ಬೆನ್ನು ಕೊಟ್ಟಿತು. ರೈಲು, ಗಾಡಿ, ಕಾಲುನಡೆಯವರು ಎಲ್ಲರೂ ಒಂದೇ ಸೇತುವೆಯ ಮೇಲೆ ಹೊಳೆ ದಾಟುತ್ತಿದ್ದ ಕಾಲ ಅದು. ಅಗಲ ಹಳಿಯ ರೈಲು ಬಂದ ಬಳಿಕ ಹಳೆಯ ಸೇತುವೆಗೆ ಆ ಭಾರದಿಂದ ಬಿಡುಗಡೆಯಾಯಿತು.

ಊರಿನ ಹೆಸರಿಗೆ ಮೂಲ ಇಲ್ಲಿಯ ದೈವ. ನಂಜನ್ನು ಉಂಡವನು ನಂಜುಂಡ. ಅವನ ನೆಲೆ ನಂಜನಗೂಡು. ಸಂಸ್ಕೃತದವರು ಇದನ್ನೇ ಗರಳಪುರಿ ಎಂದರು. ಟಿಪ್ಪುಸುಲ್ತಾನನ ಪಟ್ಟದಾನೆಯ ಕಣ್ಣಿನ ಬೇನೆ ಇಲ್ಲಿಯ ಸೇವೆಯಿಂದ ವಾಸಿಯಾಯಿತೆಂದೂ, ಅವನು ದೇವರನ್ನು ‘ಹಕೀಂ ನಂಜುಂಡ’ನೆಂದು ಕೊಂಡಾಡಿ ಪಚ್ಚೆಯ ಲಿಂಗವೊಂದನ್ನು ಒಪ್ಪಿಸಿದನೆಂದೂ ಪ್ರತೀತಿಯುಂಟು. ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಒಂದರ ಹಿಂದೊಂದು ಸಾಗುವಾಗ ಈ ಊರಿನಲ್ಲಿ ಕಾಲಿಡಲು ತಾವಿರುವುದಿಲ್ಲ. ಆದರೆ ಜಾತ್ರೆ ಕಳೆದ ಮೇಲಿನ ಬೇಸಗೆಯ ನಂಜನಗೂಡು ಬೇರೆಯೇ. ತೇರುಗಳು ಮನೆ ಸೇರಿರುತ್ತವೆ. ಕಡಲೆಪುರಿಯ ಅಂಗಡಿಗಳು ಕರಗಿರುತ್ತವೆ. ಊರು ಸೆರಗಿನಿಂದ ಬೆವರೊರಸಿಕೊಂಡು ಜಗುಲಿಯ ಮೇಲೆ ಕುಳಿತ ಗೃಹಿಣಿಯಂತೆ ಉಸ್ಸೆಂದಿರುತ್ತದೆ.

ಬೆಳಗಿನ ಆರು ಗಂಟೆಗೆ ಸ್ನಾನಘಟ್ಟದಲ್ಲಿ ತಂಪಾದ ಗಾಳಿ. ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ 1974ರಲ್ಲಿ ಅಣೆಕಟ್ಟು ಪೂರ್ಣವಾದಂದಿನಿಂದ ಕಪಿಲೆಯ ಏರಿಳಿತವು ಮಳೆಯ ಮಾತಿನಂತೆಯೇ ಮನುಷ್ಯನ ಮಾತನ್ನೂ ಕೇಳುತ್ತದೆ. ಬೇಸಗೆಯಲ್ಲಿ ಬಂಡೆಗಳು ಬೆನ್ನು ತೋರಿಸಿ ಮಲಗಿರುತ್ತವೆ. ಹುಡುಗನ ಸೋದರಮಾವ ಅವನ ಸೊಂಟಕ್ಕೆ ಬೆಂಡು ಕಟ್ಟಿ ನೀರಿಗಿಳಿಸುತ್ತಾನೆ. ಮೊದಲ ದಿನ ಕಿರುಚಾಟ, ಎರಡನೆಯ ದಿನ ಕೈಕಾಲಿನ ಬಡಿತ, ಮೂರನೆಯ ದಿನ ನಗು. ಮೆಟ್ಟಿಲಿನ ಮೇಲೆ ಪಂಚೆ ಮಡಿಸಿ ಕುಳಿತ ತಂದೆಗೆ ನಲವತ್ತು ಕಳೆದಿದೆ; ಈಜು ಬಾರದು; ಬಾರದೆಂದು ಮಕ್ಕಳ ಮುಂದೆ ಹೇಳಿಕೊಂಡಿಲ್ಲ.

“ಭಾವ, ನೀವೂ ಇಳೀರಿ. ನೀರು ಯಾರ ವಯಸ್ಸನ್ನೂ ಕೇಳೋದಿಲ್ಲ” ಎನ್ನುತ್ತಾನೆ ಮೈದುನ.

ನಾಲ್ಕನೆಯ ದಿನ ಭಾವನ ಸೊಂಟಕ್ಕೂ ಬೆಂಡು ಏರುತ್ತದೆ. ಮಗನೇ ಗುರುವಾಗಿ, “ಅಪ್ಪಾ, ಕಾಲು ಮಡಿಸಬೇಡಿ” ಎಂದು ಗದರಿಸುತ್ತಾನೆ. ಕಚೇರಿಯಲ್ಲಿ ಇಪ್ಪತ್ತು ವರ್ಷ ತಪ್ಪಿಲ್ಲದೆ ಲೆಕ್ಕ ಬರೆದ ಮನುಷ್ಯನಿಗೆ, ಹತ್ತು ಜನರ ಎದುರಿನಲ್ಲಿ ತಪ್ಪು ಮಾಡುತ್ತ ಕಲಿಯುವುದು ಎಷ್ಟು ಕಷ್ಟವೆಂಬುದು ಆ ಮಡುವಿನಲ್ಲಿ ಅರಿವಾಗುತ್ತದೆ. ಹೊಸ ಹವ್ಯಾಸದ ಮೊದಲ ಪಾಠ ಇದೇ ಇರಬೇಕು: ನಾಚಿಕೆಯನ್ನು ದಡದಲ್ಲಿಟ್ಟು ಇಳಿಯುವುದು. ಆದರೆ ಹೊಳೆಯೊಡನೆ ಸಲಿಗೆ ಸಲ್ಲದೆಂಬುದನ್ನೂ ಹೇಳಬೇಕು. ಮೇಲೆ ಶಾಂತವಾಗಿ ಕಾಣುವ ನೀರಿನ ತಳದಲ್ಲಿ ಸುಳಿಗಳೂ, ಮರಳು ತೆಗೆದ ಗುಂಡಿಗಳೂ ಇರುತ್ತವೆ. ಬೇಸಗೆ ಬಂದಾಗಲೆಲ್ಲ ಈಜಲು ಹೋದ ಮಕ್ಕಳು ಮರಳಿ ಬಾರದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುವುದು ತಪ್ಪಿಲ್ಲ. ಸ್ಥಳವನ್ನು ಬಲ್ಲ ಹಿರಿಯರೊಬ್ಬರು ಜೊತೆಯಲ್ಲಿಲ್ಲದೆ ಮಕ್ಕಳು ನೀರಿಗಿಳಿಯಲೇಬಾರದು.

ರಾಜ್ಯವಿಲ್ಲದ ರಾಜನ ಆಟ

ಹತ್ತು ಗಂಟೆಯ ಮೇಲೆ ಹೊರಗೆ ನಿಲ್ಲುವಂತಿಲ್ಲ. ಆಗ ಶ್ರೀಕಂಠೇಶ್ವರನ ಗುಡಿಯ ಕಲ್ಲುಹಾಸಿನಷ್ಟು ತಂಪಾದ ಎಡೆ ಮತ್ತೊಂದಿಲ್ಲ. ಏಳು ನೆಲೆಯ ಮಹಾದ್ವಾರ ಗೋಪುರವನ್ನು 1849ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು. ಒಳಗಿನ ಕೈಸಾಲೆಯಲ್ಲಿ ಅರುವತ್ತುಮೂವರು ಪುರಾತನರ ವಿಗ್ರಹಗಳು ಸಾಲಾಗಿ ನಿಂತಿವೆ. ಹುಡುಗಿ ಪ್ರಾಕಾರದ ನೆರಳಿನಲ್ಲಿ ಕುಳಿತು ಬರೆಯುವ ಪುಸ್ತಕವನ್ನು ತೆರೆಯುತ್ತಾಳೆ. ಒಬ್ಬ ಪುರಾತನರ ಜಡೆಯನ್ನೂ ಮುಗಿದ ಕೈಗಳನ್ನೂ ನೆನಪಿನಿಂದಲೇ ಪೆನ್ಸಿಲಿನಲ್ಲಿ ತಿದ್ದುತ್ತಾಳೆ. ಕೈ ಬೆರಳುಗಳು ಬೆಂಡೆಕಾಯಿಗಳಾಗುತ್ತವೆ. ಅಳಿಸಿ ಮತ್ತೆ ಬರೆಯುತ್ತಾಳೆ. ಒಂದು ಕೈಯನ್ನು ಬರೆಯಲು ಹೊರಟವಳು ಆ ಕೈಯನ್ನು ನಿಜವಾಗಿ ನೋಡುವುದು ಅಂದೇ ಮೊದಲು.

ಅದೇ ಗುಡಿಯಲ್ಲಿ ರಾಣಿಯರೊಡನೆ ಕೈಮುಗಿದು ನಿಂತ ಮುಮ್ಮಡಿಯವರ ವಿಗ್ರಹವೂ ಇದೆ. ಬೇಸಗೆಯ ಬಿಡುವಿನ ಬಗೆಗೆ ಆಲೋಚಿಸುವವರು ಈ ವಿಗ್ರಹದ ಮುಂದೆ ಒಂದು ಗಳಿಗೆ ನಿಲ್ಲುವುದು ಉಚಿತ. 1799ರಲ್ಲಿ, ಐದು ವರ್ಷದ ಬಾಲಕನಾಗಿ ಪಟ್ಟವೇರಿದ ಈ ಅರಸರ ಕೈಯಿಂದ 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡರು. ಮುಂದೆ 1868ರಲ್ಲಿ ತೀರಿಕೊಳ್ಳುವವರೆಗೆ ಅವರಿಗೆ ಅರಮನೆಯಿತ್ತು, ಬಿರುದುಗಳಿದ್ದವು, ಮಾಡಲು ರಾಜಕಾರ್ಯವಿರಲಿಲ್ಲ. ಮೂವತ್ತೇಳು ವರ್ಷಗಳ ಬೇಡದ ರಜೆ! ಮತ್ತೊಬ್ಬರಾಗಿದ್ದರೆ ಕೊರಗಿನಲ್ಲಿಯೇ ಕಾಲ ಕಳೆಯುತ್ತಿದ್ದರೇನೋ. ಮುಮ್ಮಡಿಯವರು ಪಂಡಿತರನ್ನೂ ಚಿತ್ರಗಾರರನ್ನೂ ಕೂಡಿಸಿಕೊಂಡು ಕುಳಿತರು. ‘ಶ್ರೀತತ್ತ್ವನಿಧಿ’ ಎಂಬ ಸಚಿತ್ರ ಮಹಾಗ್ರಂಥ ಸಿದ್ಧವಾಯಿತು. ಅದರ ‘ಕೌತುಕನಿಧಿ’ ಎಂಬ ಭಾಗದಲ್ಲಿ ಆಟಗಳಿಗೇ ಎಡೆ ದೊರೆಯಿತು. ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನು ಅವರು ಕಲ್ಪಿಸಿದರು. ಚದುರಂಗದ ಕುದುರೆಯು ಅರುವತ್ತುನಾಲ್ಕು ಮನೆಗಳನ್ನೂ ಒಂದೊಂದು ಬಾರಿ ಮಾತ್ರ ಮೆಟ್ಟಿ ಬರುವ ಬಂಧಗಳನ್ನು ರಚಿಸಿದರು. ನಾಡಿನ ಭೂಪಟದ ಮೇಲೆ ಕಾಯಿ ನಡೆಸುವ ಅಧಿಕಾರ ಕೈತಪ್ಪಿದವರು ಹಲಗೆಯ ಮೇಲೆ ಕಾಯಿ ನಡೆಸಿದರು. ಹೊತ್ತು ಕಳೆಯಲೆಂದು ತೊಡಗಿದುದೇ ಇರಬಹುದು. ಅವರು ಅದರಲ್ಲಿ ಶ್ರದ್ಧೆಯಿಂದ ತೊಡಗಿದುದರಿಂದ ಮೈಸೂರಿಗೆ ಒಂದು ಸಂಪತ್ತು ಉಳಿಯಿತು.

ಅಜ್ಜಿಯ ಮನೆಯ ನಡುಮನೆಯಲ್ಲಿ ಮಧ್ಯಾಹ್ನ ಅಳಗುಳಿಮಣೆ ಹೊರಬರುತ್ತದೆ. ಏಳೇಳು ಗುಳಿಗಳ ಎರಡು ಸಾಲು, ಗುಳಿಗಳಲ್ಲಿ ಹುಣಿಸೆಬೀಜ, ಬೀಜ ಸಾಲದಿದ್ದರೆ ಗುಲಗಂಜಿ. ಅಜ್ಜಿಯ ಬೆರಳುಗಳು ಕಾಳು ಹಂಚುವ ವೇಗಕ್ಕೆ ಮೊಮ್ಮಗನ ಕಣ್ಣು ತಿರುಗುತ್ತದೆ. ಶಾಲೆಯಲ್ಲಿ ಲೆಕ್ಕಕ್ಕೆ ಹೆಸರಾದ ಹುಡುಗ ಸತತವಾಗಿ ಐದು ಆಟ ಸೋತು ಮುಖ ಊದಿಸಿಕೊಳ್ಳುತ್ತಾನೆ. “ನಾನು ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ಕಣೋ” ಎಂದು ಅಜ್ಜಿ ನಗುತ್ತಾರೆ. “ಗುಲಗಂಜಿ ಮಾತ್ರ ಬಾಯಿಗೆ ಹಾಕಿಕೊಂಡೀಯೆ, ವಿಷ ಅದು.”

ಒಬ್ಬ ಬಾಲವಿಧವೆಯ ಮಧ್ಯಾಹ್ನ

ಮನೆಯಲ್ಲಿ ಎಲ್ಲರಿಗೂ ರಜೆಯಿರುವಾಗ ತಾಯಂದಿರಿಗೆ ರಜೆಯಿರುವುದಿಲ್ಲ. ಬೇಸಗೆಯೆಂದರೆ ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ, ಮಾವಿನಮಿಡಿಯ ಉಪ್ಪಿನಕಾಯಿ. ಮುಂಜಾನೆ ನಾಲ್ಕಕ್ಕೆ ಎದ್ದು ಹಿಟ್ಟು ಕೆದಕಿ, ಬಿಸಿಲೇರುವ ಮೊದಲೇ ತಾರಸಿಯ ಮೇಲೆ ಪಂಚೆ ಹಾಸಿ ಸಂಡಿಗೆ ಇಟ್ಟು ಇಳಿದ ಮೇಲೆ, ಅಡಿಗೆ ಕಾದಿರುತ್ತದೆ. ಕಾಗೆ ಓಡಿಸಲು ನೆಟ್ಟ ಕರಿಯ ಕೊಡೆಯೊಂದೇ ಅಲ್ಲಿ ಬಿಡುವಾಗಿ ನಿಂತಿರುವುದು. ಈ ತಾಯಿಗೂ ಒಂದು ಕಾಲಕ್ಕೆ ಚಿತ್ರ ಬರೆಯುವ ಹುಚ್ಚಿತ್ತು. ಅಜ್ಜಿಯ ಟ್ರಂಕಿನಿಂದ ಉಪ್ಪಿನಕಾಯಿಯ ಜಾಡಿಗೆ ಕಟ್ಟಲು ಹಳೆಯ ಬಟ್ಟೆ ಹುಡುಕುವಾಗ ಹುಡುಗಿಗೆ ಆ ಪುಸ್ತಕ ಸಿಕ್ಕಿತು: ಚುಕ್ಕಿ ರಂಗೋಲಿಗಳು, ತೇರಿನ ಗಾಲಿ, ಹೊಳೆ ದಾಟುವ ಎಮ್ಮೆಗಳು. ಕೊನೆಯ ಅರ್ಧ ಪುಸ್ತಕ ಖಾಲಿ.

“ಯಾಕಮ್ಮ ನಿಲ್ಲಿಸಿಬಿಟ್ಟೆ?”

“ಮದುವೆ ಆಯ್ತಲ್ಲ” ಎಂದು ತಾಯಿ ಪುಸ್ತಕವನ್ನು ಕೈಯಿಂದ ತೆಗೆದುಕೊಂಡು ಗೂಡಿನಲ್ಲಿಟ್ಟಳು. ಆ ಮಾತನ್ನು ದುಃಖದಿಂದ ಹೇಳಲಿಲ್ಲ. ಬೇಸಗೆ ಮುಗಿದ ಮೇಲೆ ಮಳೆಗಾಲ ಬಂತು ಎನ್ನುವಂತೆ ಹೇಳಿದಳು.

ಇದೇ ನಂಜನಗೂಡಿನಲ್ಲಿ 1887ರಲ್ಲಿ ವಕೀಲರೊಬ್ಬರ ಮನೆಯಲ್ಲಿ ಹುಟ್ಟಿದ ಹುಡುಗಿಯೊಬ್ಬಳಿಗೆ ಆ ಕಾಲದ ರೂಢಿಯಂತೆ ಬಾಲ್ಯದಲ್ಲಿಯೇ ಮದುವೆಯಾಯಿತು. ಹದಿನಾಲ್ಕರ ಹರೆಯದಲ್ಲಿ ವೈಧವ್ಯ ಬಂದಿತು. ಅಂದಿನ ಸಮಾಜದಲ್ಲಿ ಅಂತಹ ಹುಡುಗಿಗೆ ದೊರೆಯುತ್ತಿದ್ದುದು ಒಂದು ಮೂಲೆ, ಮುಗಿಯದ ಮಧ್ಯಾಹ್ನಗಳು. ಆಕೆಯ ತಂದೆ ಆ ಮೂಲೆಗೆ ಪುಸ್ತಕಗಳನ್ನು ತಂದುಕೊಟ್ಟರು. ಓದು ಅಭ್ಯಾಸವಾಯಿತು, ಓದಿದವಳು ಬರೆದು ನೋಡಿದಳು. ಅವರೇ ನಂಜನಗೂಡು ತಿರುಮಲಾಂಬ. 1913ರಲ್ಲಿ ಅವರ ‘ಸುಶೀಲೆ’ ಎಂಬ ಕಾದಂಬರಿ ಹೊರಬಂದಿತು. ಅದನ್ನು ಪ್ರಕಟಿಸಲು ಬೇರೆಯವರನ್ನು ಕಾಯದೆ ‘ಸತೀ ಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ತಾವೇ ತೆರೆದರು. ‘ನಭಾ’, ‘ಮಾತೃನಂದಿನಿ’ ಮೊದಲಾದ ಕೃತಿಗಳು ಬಂದವು. ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಆಮೇಲೆ ‘ಸನ್ಮಾರ್ಗದರ್ಶಿ’ಯನ್ನೂ ನಡೆಸಿದರು. ಹೊಸಗನ್ನಡದಲ್ಲಿ ಹೆಂಗಸೊಬ್ಬಳು ಲೇಖಕಿಯೂ ಪ್ರಕಾಶಕಿಯೂ ಸಂಪಾದಕಿಯೂ ಆದುದು ಹೀಗೆ, ಈ ಪುಟ್ಟ ಊರಿನ ಒಂದು ಮನೆಯೊಳಗಿನಿಂದ.

ಮುಂದಿನ ಕಥೆ ಅಷ್ಟು ಸುಖಕರವಲ್ಲ. ಕಾಲ ಬದಲಾಯಿತು, ವಿಮರ್ಶೆಯ ಅಳತೆಗೋಲು ಬದಲಾಯಿತು, ತಿರುಮಲಾಂಬರು ಬರವಣಿಗೆಯನ್ನು ನಿಲ್ಲಿಸಿ ಮದರಾಸಿನಲ್ಲಿ ಮರೆಯಾಗಿ ಬಾಳಿದರು. ಅವರು ಇನ್ನೂ ಇರುವರೆಂಬುದೇ ಕನ್ನಡದ ಬಹುಮಂದಿ ಓದುಗರಿಗೆ ತಿಳಿದಿರಲಿಲ್ಲ. ಅವರ ಬಾಳಿನ ಕೊನೆಗಾಲದಲ್ಲಿ ಚಿ. ನ. ಮಂಗಳಾ ಅವರು ಹುಡುಕಿಕೊಂಡು ಹೋಗಿ ಕಂಡು ಮಾತನಾಡಿಸಿದರು. 1982ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ ತಿರುಮಲಾಂಬರು ತೀರಿಕೊಂಡರು. ಮುಮ್ಮಡಿಯವರಿಗೆ ಅರಮನೆಯ ನೆರವಿತ್ತು, ಪಂಡಿತರ ಪರಿವಾರವಿತ್ತು. ಈ ಹೆಣ್ಣುಮಗಳಿಗಿದ್ದುದು ಒಬ್ಬ ತಂದೆ, ಒಂದು ದೀಪ, ಒಂದಿಷ್ಟು ಕಾಗದ. ಬಿಡುವು ಎಲ್ಲರಿಗೂ ವರವಾಗಿಯೇ ಬರುವುದಿಲ್ಲ. ಕೆಲವರಿಗೆ ಶಿಕ್ಷೆಯಾಗಿ ಬರುತ್ತದೆ. ಆ ಶಿಕ್ಷೆಯನ್ನು ವರವನ್ನಾಗಿ ತಿರುಗಿಸಲು ಯಾರಾದರೂ ಒಬ್ಬರು ಹತ್ತಿರದವರು, “ಬರೆ, ನೋಡೋಣ” ಎನ್ನಬೇಕು. ಯಜಮಾನರು ಊಟದ ಹೊತ್ತಿನಲ್ಲಿ ಹೇಳುವ ‘ನೋಡೋಣ’ಕ್ಕೂ ಈ ‘ನೋಡೋಣ’ಕ್ಕೂ ಇರುವ ಅಂತರ ಅಪಾರ.

ಅದೇ 1913ರಲ್ಲಿ ಇದೇ ಊರಿನಲ್ಲಿ ಬಿ. ವಿ. ಪಂಡಿತರ ಸದ್ವೈದ್ಯಶಾಲೆಯೂ ಆರಂಭವಾಯಿತೆಂಬುದು ಒಂದು ಸ್ವಾರಸ್ಯ. ಅಲ್ಲಿಂದ ಹೊರಟ ನಂಜನಗೂಡು ಹಲ್ಲುಪುಡಿಯ ಪೊಟ್ಟಣ ಎಷ್ಟೋ ದಶಕಗಳ ಕಾಲ ಕನ್ನಡ ಮನೆಗಳ ಬಚ್ಚಲಿನ ಗೂಡಿನಲ್ಲಿ ಕುಳಿತು ಊರಿನ ಹೆಸರನ್ನು ದಿನವೂ ಬೆಳಗ್ಗೆ ನೆನಪಿಸುತ್ತಿತ್ತು. ಪುಸ್ತಕವೂ ಹಲ್ಲುಪುಡಿಯೂ ಒಂದೇ ವರ್ಷದ, ಒಂದೇ ಊರಿನ ಮಕ್ಕಳು. ಹಲ್ಲುಪುಡಿಯನ್ನು ಊರು ಮರೆಯಲಿಲ್ಲ.

ಹಿತ್ತಿಲಿನ ಬಾಳೆ

ಅಜ್ಜಿಯ ಹಿತ್ತಿಲಿನಲ್ಲಿ ಬಾಳೆಯ ಕಂದೊಂದನ್ನು ಹೊಸದಾಗಿ ನೆಟ್ಟಿದೆ. ಅದು ರಸಬಾಳೆ. ತೆಳುವಾದ ಸಿಪ್ಪೆ, ಒಳಗೆ ಬೆಣ್ಣೆಯಂತಹ ತಿರುಳು, ಕೋಣೆಯ ಬಾಗಿಲು ತೆರೆಯುವ ಮೊದಲೇ ಮೂಗಿಗೆ ಬರುವ ಪರಿಮಳ. ಕಪಿಲೆಯ ಆಸುಪಾಸಿನ ಮಣ್ಣಿನಲ್ಲಿ, ದೇವರಸನಹಳ್ಳಿಯಂತಹ ಗ್ರಾಮಗಳಲ್ಲಿ ಬೆಳೆದ ಈ ಹಣ್ಣಿಗೆ ಇರುವ ಸವಿ ಬೇರೆಡೆಯ ಗಿಡಕ್ಕೆ ಬಾರದೆಂದು ಬೆಳೆಗಾರರು ಹೇಳುತ್ತಾರೆ. ಊರಿನ ಹೆಸರಿನಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಆದರೆ ಮನ್ನಣೆ ಬರುವ ವೇಳೆಗೆ ಹಣ್ಣೇ ಅಪರೂಪವಾಗಿತ್ತು. ಪನಾಮ ಸೊರಗು ರೋಗವೆಂಬ ಬೂಷ್ಟಿನ ಬೇನೆ ಮಣ್ಣಿನೊಳಗಿನಿಂದ ಬೇರನ್ನು ಹೊಕ್ಕು, ಎಲೆಗಳನ್ನು ಹಳದಿಯಾಗಿಸಿ ಗಿಡವನ್ನು ಒಣಗಿಸುತ್ತದೆ. ಒಮ್ಮೆ ಹೊಕ್ಕ ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ತೋಟಗಳು ಕುಗ್ಗಿದವು, ರೈತರು ಬೇರೆ ತಳಿಗಳಿಗೆ ತಿರುಗಿದರು. ರೋಗವಿಲ್ಲದ ಅಂಗಾಂಶ ಕೃಷಿಯ ಸಸಿಗಳಿಂದ ಅದನ್ನು ಮರಳಿ ಬೆಳೆಸುವ ಪ್ರಯತ್ನಗಳು ನಡೆದಿವೆ.

ಹಿತ್ತಿಲಿನ ಒಂದು ಗಿಡದಿಂದ ಒಂದು ತಳಿ ಉಳಿಯದು ನಿಜ. ಆದರೂ ದಿನವೂ ಪಾತ್ರೆ ತೊಳೆದ ನೀರನ್ನು ಅದರ ಬುಡಕ್ಕೆ ಹೊಯ್ಯುವ ಹುಡುಗ ಸುರುಳಿ ಬಿಚ್ಚಿದ ಎಲೆಗಳನ್ನು ಎಣಿಸುತ್ತಾನೆ. ತಿನ್ನುವ ಹಣ್ಣಿಗೆ ಒಂದು ಊರು, ಒಂದು ಮಣ್ಣು, ಒಂದು ಆಯುಸ್ಸು ಇದೆಯೆಂಬುದು ಅಂಗಡಿಯ ಹಗ್ಗದಲ್ಲಿ ತೂಗುವ ಗೊನೆಯಿಂದ ಅವನಿಗೆ ತಿಳಿಯುತ್ತಿರಲಿಲ್ಲ.

ಕೂಡಲಿನ ಸಂಜೆ

ಒಂಬತ್ತನೆಯ ದಿನ ಎಲ್ಲರೂ ನರಸೀಪುರಕ್ಕೆ ಹೊರಟರು. ದಾರಿಯಲ್ಲಿ ಕಪಿಲೆಯ ದಡದ ಸುತ್ತೂರು. ಸ್ವಲ್ಪ ಬಳಸಿ ಹೋದರೆ ಹದಿನಾರು ಗ್ರಾಮದ ಕೆರೆ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನೇ ದಾಟಿ ಈ ಕೆರೆಗೆ ಬರುತ್ತವೆ. ಅವುಗಳನ್ನು ನೋಡಲು ದೂರದೂರದಿಂದ ಜನ ದುರ್ಬೀನು ಹಿಡಿದು ಬರುತ್ತಾರೆ. ಬೇಸಗೆಯ ಹೊತ್ತಿಗೆ ಅತಿಥಿಗಳು ಹಾರಿಹೋಗಿರುತ್ತಾರೆ. ಉಳಿದಿರುವವು ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಎಲ್ಲವೂ ಮನೆಯವೇ. ಹುಡುಗಿ ಒಂದು ಮಿಂಚುಳ್ಳಿಯನ್ನು ಅರ್ಧ ಗಂಟೆ ನೋಡಿದಳು. ಅದು ಆರು ಬಾರಿ ನೀರಿಗೆ ಎರಗಿ ಎರಡು ಬಾರಿ ಮಾತ್ರ ಮೀನು ಹಿಡಿಯಿತು. “ಅದಕ್ಕೂ ತಪ್ಪತ್ತಲ್ಲ ಅಪ್ಪಾ!” ಎಂದಳು. ಈಜು ಕಲಿಯುತ್ತಿದ್ದ ತಂದೆಗೆ ಆ ಮಾತಿನಿಂದ ಬಹಳ ಸಮಾಧಾನವಾಯಿತು.

ತಿರುಮಕೂಡಲಿನಲ್ಲಿ ಹೊಳೆಗಳೆರಡು ಕೂಡುವುದನ್ನು ಕಣ್ಣಾರೆ ಕಾಣಬಹುದು. ಸ್ಫಟಿಕ ಸರೋವರವೆಂಬ ಮೂರನೆಯದು ಗುಪ್ತವಾಗಿ ಸೇರುವುದೆಂಬುದು ನಂಬಿಕೆ. ಅದಕ್ಕೇ ಇದು ತ್ರಿವೇಣಿ. 1989ರಿಂದ ಮೂರು ವರ್ಷಗಳಿಗೊಮ್ಮೆ ಇಲ್ಲಿ ಕುಂಭಮೇಳ ನಡೆಯುವ ವಾಡಿಕೆ ಬೆಳೆಯಿತು. 2025ರ ಫೆಬ್ರವರಿಯಲ್ಲಿಯೂ ನಡೆಯಿತು. ಆಚೆಯ ದಡದಲ್ಲಿ ಅಗಸ್ತ್ಯೇಶ್ವರನ ಗುಡಿ. ಅಲ್ಲಿಯ ಲಿಂಗವನ್ನು ಅಗಸ್ತ್ಯ ಋಷಿಗಳು ಹೊಳೆಯ ಮರಳಿನಿಂದಲೇ ಮಾಡಿದರೆಂದು ಸ್ಥಳಪುರಾಣ. ಎಲ್ಲಿಂದಲೋ ಶಿಲೆ ಬರಲೆಂದು ಕಾಯದೆ, ಕೈಗೆಟಕಿದ ಮರಳನ್ನೇ ಋಷಿ ತಿದ್ದಿದನೆಂಬ ಈ ಕಥೆ ಇವತ್ತಿಗೂ ಹಳತಾಗಿಲ್ಲ.

ಈ ಕೂಡಲಿನ ಬಳಿ 1959ರಿಂದ ಮೊದಲ್ಗೊಂಡು ಕೆಲವು ವರ್ಷಗಳ ಕಾಲ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಉತ್ಖನನ ನಡೆಯಿತು. ಸುಮಾರು ಮೂರೂವರೆ ನಾಲ್ಕು ಸಾವಿರ ವರ್ಷಗಳ ಹಿಂದಿನ ನೂತನ ಶಿಲಾಯುಗದ ಜನರ ನೆಲೆ, ಮಡಕೆ ಕುಡಿಕೆ, ಸಮಾಧಿಗಳು ಬೆಳಕು ಕಂಡವು. ಅವುಗಳ ನಡುವೆ ದೊರೆತುದೊಂದು ಸುಟ್ಟ ಮಣ್ಣಿನ ತಲೆದಿಂಬು. ಈಜಿಪ್ಟಿನ ಪುರಾತನರು ಬಳಸುತ್ತಿದ್ದ ತಲೆದಿಂಬುಗಳನ್ನು ಅದು ವಿದ್ವಾಂಸರಿಗೆ ನೆನಪಿಸಿತು. ಹೊಳೆಯ ದಡದ ಆ ಮನುಷ್ಯ ಕಲ್ಲಿನ ಕೊಡಲಿಯಿಂದ ದುಡಿದು, ನೆತ್ತಿಯ ಮೇಲಿನ ಸೂರ್ಯ ಇಳಿಯುವವರೆಗೆ ತಲೆಯೂರಿ ಕಣ್ಮುಚ್ಚುತ್ತಿದ್ದನೋ ಏನೋ. ಹಾಗೆ ಊಹಿಸುವುದಕ್ಕೆ ಬೇಸಗೆಯ ಮಧ್ಯಾಹ್ನಕ್ಕಿಂತ ತಕ್ಕ ವೇಳೆಯಿಲ್ಲ. ಮಣ್ಣನ್ನು ಕುತ್ತಿಗೆಯ ಬಾಗಿಗೆ ಒಪ್ಪುವಂತೆ ತಿದ್ದಿದ ಬೆರಳುಗಳಿಗೆ ಮಾತ್ರ ಸಾಕಷ್ಟು ಬಿಡುವೂ ತಾಳ್ಮೆಯೂ ಇದ್ದಿರಲೇಬೇಕು.

ಇದೇ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದವರು ಪಿಟೀಲು ಚೌಡಯ್ಯನವರು. ಮೈಸೂರಿಗೆ ಹೋಗಿ ಬಿಡಾರಂ ಕೃಷ್ಣಪ್ಪನ ಶಿಷ್ಯರಾದರು. ಧ್ವನಿವರ್ಧಕಗಳಿಲ್ಲದ ಆ ದಿನಗಳಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿಗೆ ಪಿಟೀಲಿನ ನಾದ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ನೋಡಿದರು. ಏಳು ತಂತಿಗಳ ಪಿಟೀಲು ಹಾಗೆ ಹುಟ್ಟಿತು. ನಾದ ಹಿಂದಿನ ಸಾಲನ್ನು ಮುಟ್ಟಿತು. 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಬಂದಿತು. 1967ರಲ್ಲಿ ಅವರು ತೀರಿಕೊಂಡ ಬಳಿಕ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಭವನವೇ ಅವರ ಹೆಸರಿನಲ್ಲಿ ಎದ್ದಿತು. ಇಷ್ಟಾದರೂ ತಮ್ಮ ರಚನೆಗಳಿಗೆ ಅವರು ಇಟ್ಟುಕೊಂಡ ಅಂಕಿತ ‘ತ್ರಿಮಕುಟ’. ಹುಟ್ಟಿದ ಹಳ್ಳಿಯ ಹೆಸರೇ.

ಇಳಿಹೊತ್ತಿನಲ್ಲಿ ಎಲ್ಲರೂ ಗುಂಜಾ ನರಸಿಂಹಸ್ವಾಮಿಯ ಗುಡಿಗೆ ಬಂದರು. ಗುಂಜಾ ಎಂದರೆ ಗುಲಗಂಜಿ. ಇಲ್ಲಿಯ ನರಸಿಂಹನ ಕೈಯಲ್ಲಿ ಗುಲಗಂಜಿಯಿದೆ. ಕಾಶಿಯ ಮಹಿಮೆಯನ್ನು ಒಂದು ತಟ್ಟೆಯಲ್ಲಿಯೂ ಈ ಕ್ಷೇತ್ರದ ಮಹಿಮೆಯನ್ನು ಇನ್ನೊಂದು ತಟ್ಟೆಯಲ್ಲಿಯೂ ಇಟ್ಟು ತೂಗಿದರೆ, ಇದು ಒಂದು ಗುಲಗಂಜಿಯಷ್ಟು ಹೆಚ್ಚು ತೂಗುವುದೆಂಬುದು ಇದರ ಭಾವವೆಂದು ಊರಿನವರು ಹೇಳುತ್ತಾರೆ.

“ಗುಲಗಂಜಿ ಅಂದ್ರೆ ಎಷ್ಟು ಅಜ್ಜಿ?” ಎಂದು ಹುಡುಗ ಕೇಳಿದ.

“ಅಕ್ಕಸಾಲಿಗರು ಚಿನ್ನ ತೂಗ್ತಿದ್ದದ್ದು ಅದರಲ್ಲೇ ಕಣೋ. ಒಂದು ಕಾಳು ಹೆಚ್ಚುಕಡಿಮೆ ಆದ್ರೂ ಜಗಳ ಆಗೋದು.”

ಒಂದು ಗ್ರಾಮಿನ ಎಂಟನೆಯ ಒಂದು ಪಾಲಿನಷ್ಟು ತೂಗುವ ಕಾಳು ಅದು. ಈ ಊರಿನವರ ವಿನಯವೂ ಅಭಿಮಾನವೂ ಅದರೊಳಗೆ ಒಟ್ಟಿಗೆ ಅಡಗಿವೆ. ಕಾಶಿಯನ್ನು ಅವರು ಹಳಿಯಲಿಲ್ಲ. ತಮ್ಮ ಕೂಡಲು ಅದರ ನೂರು ಪಾಲು ದೊಡ್ಡದೆಂದು ಕೊಚ್ಚಿಕೊಳ್ಳಲಿಲ್ಲ. ಮನೆಯ ಹತ್ತಿರದ್ದು ಎಂಬ ಕಾರಣಕ್ಕೆ ಒಂದು ಗುಲಗಂಜಿಯನ್ನು ಮಾತ್ರ ಹೆಚ್ಚು ಹಾಕಿಕೊಂಡರು. ಊಟಿಯ ತಂಪು ತಂಪೇ. ಕಾಶ್ಮೀರದ ಹಿಮ ಹಿಮವೇ. ನೂರು ಬಾರಿ ಹಾದು ಹೋದ ಹೊಳೆಯಲ್ಲಿ ಮೊದಲ ಬಾರಿಗೆ ತೇಲಿದವನು, ನೂರು ಬಾರಿ ಕೈಮುಗಿದ ವಿಗ್ರಹದ ಕೈಯನ್ನು ಮೊದಲ ಬಾರಿಗೆ ಕಂಡವಳು ತರುವ ಲಾಭ ತಕ್ಕಡಿಯಲ್ಲಿ ಅದಕ್ಕಿಂತ ಒಂದು ಕಾಳಿನಷ್ಟು ಕೆಳಗಿಳಿದೀತು.

ಜೂನ್ ತಿಂಗಳು ಬರುತ್ತದೆ. ಶಾಲೆಯ ಗಂಟೆ ಹೊಡೆಯುತ್ತದೆ. ಹುಡುಗಿಯ ಚಿತ್ರದ ಪುಸ್ತಕ ಐದನೆಯ ಪುಟಕ್ಕೆ ನಿಲ್ಲಬಹುದು. ತಂದೆಯ ಈಜು ಬೆಂಡಿನೊಡನೆಯೇ ಮುಗಿಯಬಹುದು. ಬೇಸಗೆಯ ಹವ್ಯಾಸಗಳಲ್ಲಿ ಹೆಚ್ಚಿನವಕ್ಕೆ ಇದೇ ಗತಿ. ಎಲ್ಲರೂ ಚೌಡಯ್ಯನವರಾಗುವುದಿಲ್ಲ, ತಿರುಮಲಾಂಬರಂತಹವರೂ ಒಂದು ದಿನ ಲೇಖನಿಯನ್ನು ಕೆಳಗಿಟ್ಟರು. ಆದರೂ ಇಟ್ಟ ಕಾಳು ತಕ್ಕಡಿಯಿಂದ ಇಳಿಯುವುದಿಲ್ಲ.

ಸೂರ್ಯ ಮುಳುಗುವ ಹೊತ್ತಿಗೆ ಅವರು ಸಂಗಮದ ಮೆಟ್ಟಿಲುಗಳ ಮೇಲೆ ಕುಳಿತಿದ್ದರು. ಕಪಿಲೆಯ ನೀರಿಗೂ ಕಾವೇರಿಯ ನೀರಿಗೂ ನಡುವೆ ಒಂದು ತೆಳುವಾದ ಗೆರೆ ಬಹುದೂರದವರೆಗೆ ಸಾಗಿ, ಆಮೇಲೆ ಕಾಣದಾಯಿತು. ತಾಯಿ ಚೀಲಕ್ಕೆ ಕೈಹಾಕಿ ತನ್ನ ಹಳೆಯ ಪುಸ್ತಕವನ್ನು ತೆಗೆದಳು. ಅದನ್ನು ಆಕೆ ತಂದಿರುವಳೆಂದು ಯಾರಿಗೂ ತಿಳಿದಿರಲಿಲ್ಲ. ಖಾಲಿ ಪುಟವೊಂದನ್ನು ತಿರುವಿ, ಮಗಳ ಪೆನ್ಸಿಲನ್ನು ಕೇಳಿ ಪಡೆದು, ಆ ಗೆರೆಯನ್ನು ಎಳೆಯತೊಡಗಿದಳು. ಕೊನೆಯ ಬಸ್ಸಿನ ಹೊತ್ತಾಯಿತೆಂದು ತಂದೆ ಎದ್ದು ನಿಂತರು, ಹೆಂಡತಿಯ ಕೈಯನ್ನು ನೋಡಿದರು, ಮತ್ತೆ ಕುಳಿತರು.

“ಹೊತ್ತಾಯ್ತೇನೋ” ಎಂದಳು ತಾಯಿ, ತಲೆಯೆತ್ತದೆ.

“ಇರಲಿ, ಬರೆ” ಎಂದರು.